ಶಿಫ್ಟಿನ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದ ಈಶ್ವರಮ್ಮ

ಈಶ್ವರಮ್ಮನನ್ನ ನಾನು ಏಕವಚನದಲ್ಲಿ ಕರೀತೀನಿ ಅಂತ ಯಾರೂ ಮೂಗು ಮುರೀಬೇಡಿ. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವಳು, ಮೇಲಾಗಿ ನಾವಿದ್ದ ಮನೆಯ ಮಾಲೀಕರ ಕಡೆಯವಳು. ಮೊದಮೊದಲು ನಾನೂ ಬನ್ನಿ ಹೋಗಿ ಅಂತಲೇ ಮಾತಾಡಿಸ್ತಿದ್ದೆ. ಅವಳೇ ಒಂದು ದಿನ, "ನೀವು ಅಂದ್ರೆ ನನ್ ಇಂದೆ ಇನ್ಯಾರೋ ನಿಂತವ್ರೆ ಅನ್ಸ್ತದೆ ಕಣಮ್ಮ. ನೀನು ಅನ್ನು ಸಾಕು" ಅಂದಳು. ಅವಳ ಹಿಂದೆ ಯಾರು ನಿಂತಿದ್ದರು, ಪಾಪ! ಅವತ್ತಿನಿಂದ ಅವಳನ್ನ ನೀನು ಅಂತಲೇ ಕರೆದೆ.

ನಾನು ಹೇಳ್ತಿರೋದು ಎಮರ್ಜೆನ್ಸಿ ಮುಗಿದು ನಾಲ್ಕೈದು ವರ್ಷ ಆದಮೇಲಿನ ಮಾತು. ನಮ್ಮ ಯಜಮಾನರು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ರಾಮಪ್ರಸಾದ ಅಂತ ಹೆಸರು. ಗಂಡನ ಹೆಸರು ಹೇಳಿದರೆ ನನ್ನ ನಾಲಿಗೆ ಏನೂ ಉದುರಿ ಬೀಳಲ್ಲ. ಕ್ವಾರ್ಟರ್ಸ್ ಸಿಗಲಿಲ್ಲ ಅಂತ ತುಮಕೂರು ರಸ್ತೆ ನಾಗಸಂದ್ರದಲ್ಲಿ ದೊಡ್ಡಮುನಿಯಪ್ಪನವರ ವಠಾರದಲ್ಲಿ ಬಾಡಿಗೆಗೆ ಇದ್ದೆವು. ಪೀಣ್ಯದ ಕಾರ್ಖಾನೆಗಳಿಗೆ ಜಮೀನು ಹೋಗಿ ಪರಿಹಾರ ಬಂದಾಗ ಆತ ಕಟ್ಟಿಸಿದ ವಠಾರ ಅದು. ಮಧ್ಯೆ ಉದ್ದಕ್ಕೆ ಒಂದು ಓಣಿ, ಎರಡೂ ಕಡೆ ಅಂಟಿಕೊಂಡ ಮನೆಗಳು. ಓಣಿಯ ಬಾಯಿಗೆ ಫ್ಯಾಕ್ಟರಿ ಬಸ್ಸು ನಿಲ್ಲೋ ಜಾಗ. ಇನ್ನೊಂದು ತುದೀಲಿ ಯಾವುದೋ ಕಾರ್ಖಾನೆಯ ಕಾಂಪೌಂಡ್ ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟುಕೊಂಡು ಒಂದು ಕೋಣೆ, ಪಕ್ಕದಲ್ಲಿ ಎಮ್ಮೆ ಕೊಟ್ಟಿಗೆ. ಅಲ್ಲಿ ಈಶ್ವರಮ್ಮ ಒಬ್ಬಳೇ ಇದ್ದಳು.

ಅವಳು ದೊಡ್ಡಮುನಿಯಪ್ಪನವರ ತಮ್ಮ ಚಿಕ್ಕಮುನಿಯಪ್ಪನ ಹೆಂಡತಿ. ಹೆಸರಘಟ್ಟದ ಕಡೆಯಿಂದ ಮದುವೆಯಾಗಿ ಬಂದ ಎರಡನೇ ವರ್ಷಕ್ಕೆ, ಬಾವಿ ತೋಡಿಸುವಾಗ ಮಣ್ಣು ಕುಸಿದು ಗಂಡ ಹೋದ. ಮಕ್ಕಳಿರಲಿಲ್ಲ. ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ತವರಲ್ಲಿ ಅಪ್ಪ ಅಮ್ಮ ಸತ್ತಮೇಲೆ ಅಣ್ಣ ತಮ್ಮಂದಿರು ಕರೆಯೋದು ಬಿಟ್ಟರು. "ನಿನ್ನ ಯಜಮಾನರು ನೋಡೋಕೆ ಹೇಗಿದ್ದರು?" ಅಂತ ಒಂದ್ಸಲ ಕೇಳಿದ್ದೆ. ತುಂಬ ಹೊತ್ತು ಯೋಚನೆ ಮಾಡಿ, "ಮಕ ಸರ್ಯಾಗಿ ಗ್ಯಾಪಕಕ್ಕೆ ಬರ್ತಿಲ್ಲ ಕಣಮ್ಮ. ಎತ್ತರಕ್ಕಿದ್ರು" ಅಂದಳು. ಆ ಎತ್ತರದ ಮನುಷ್ಯನಿಗೋಸ್ಕರ ಇಷ್ಟು ವರ್ಷ ಹಣೆ ಬರಿದು ಮಾಡಿಕೊಂಡು ಕೂತಿದ್ದಳು.

ಈಗ ಊರಿನ ಒಂದು ಕಟ್ಟಳೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಕೆಲಸಕ್ಕೆ ಹೊರಟ ಗಂಡಸಿಗೆ ಗಂಡ ಸತ್ತ ಹೆಂಗಸು ಎದುರಾಗಬಾರದು. ಎದುರಾದರೆ ಹೊರಟ ಕೆಲಸ ಕೆಡುತ್ತಂತೆ. ಆತ ವಾಪಸ್ ಮನೆಗೆ ಹೋಗಿ, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು, ಮತ್ತೆ ಹೊರಡಬೇಕಂತೆ. ಹೊಲ ಇದ್ದ ಕಾಲದಲ್ಲಿ ಗಂಡಸರು ಬೆಳಗ್ಗೆ ಒಂದು ಸಲ ಹೊರಡೋರು. ಅಷ್ಟು ಹೊತ್ತು ಒಳಗಿದ್ದರೆ ಮುಗೀತು, ಆಮೇಲೆ ಹಗಲೆಲ್ಲ ಅವಳದೇ. ಹಿತ್ತಲಿಂದ ಇಳಿದು ಬದುವಿನ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಆಮೇಲೆ ಫ್ಯಾಕ್ಟರಿ ಬಂತು, ಶಿಫ್ಟು ಬಂತು. ಬೆಳಗ್ಗೆ ಆರಕ್ಕೆ ಒಂದು ಗುಂಪು ಹೊರಡ್ತು, ಮಧ್ಯಾಹ್ನ ಎರಡಕ್ಕೆ ಇನ್ನೊಂದು, ರಾತ್ರಿ ಹತ್ತಕ್ಕೆ ಮತ್ತೊಂದು. ಹಿತ್ತಲ ಹೊಲ ಹೋಗಿ ಅಲ್ಲಿ ಗೋಡೆ ಎದ್ದಿತ್ತು. ಹೊರಗೆ ಹೋಗಬೇಕೆಂದರೆ ಆ ಓಣಿ ಒಂದೇ. ಊರು ಮುಂದುವರೀತು ಅಂತ ಎಲ್ಲರೂ ಹೇಳ್ತಿದ್ದರು. ದಿನಕ್ಕೆ ಒಂದು ಸಲ ಬಾಗಿಲು ಹಾಕಿಕೊಳ್ತಿದ್ದ ಈಶ್ವರಮ್ಮ ಮೂರು ಸಲ ಹಾಕಿಕೊಳ್ಳೋ ಹಾಗಾಯ್ತು.

ಸೈರನ್ ಕೂಗೋಕೆ ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ಎದ್ದು ಒಳಗೆ ಹೋಗಿಬಿಡೋಳು. ಮಾತಿನ ಮಧ್ಯೆ ಎದ್ದು ಹೋಗೋಳು, ಅನ್ನದ ತಟ್ಟೆ ಎತ್ತಿಕೊಂಡು ಹೋಗೋಳು. ಬೆಳಗ್ಗೆ ಹಾಲು ಕರೆದು ಚೊಂಬು ಹೊಸಿಲ ಹೊರಗಿಟ್ಟು ಚಿಲಕ ಹಾಕ್ಕೊಳ್ಳೋಳು, ವಠಾರದ ಹೆಂಗಸರು ಅಳೆದು ತಗೊಂಡು ಹೋಗೋರು. ಅವಳ ಎಮ್ಮೆ ಹಾಲು ಎಲ್ಲರಿಗೂ ಬೇಕು ಸ್ವಾಮಿ! ಅದಕ್ಕೆ ಯಾವ ಅಪಶಕುನವೂ ಇಲ್ಲ. ಒಳಗಿಂದ ಅವಳು ಗೋಡೆಯಾಚೆಗಿನ ಎಮ್ಮೆ ಹತ್ತಿರ ಮಾತಾಡೋದು ಕೇಳಿಸೋದು. ನನಗೆ ಮೈಯೆಲ್ಲ ಉರೀತಿತ್ತು. "ಯಾರು ಏನು ಮಾಡ್ಕೋತಾರೆ, ಆಚೆ ಬಾ" ಅಂತ ನಾನು ಬಾಗಿಲು ಬಡಿದರೆ, "ಬುಡಮ್ಮ, ಗಂಡುಸ್ರು ದುಡ್ಯಾಕ್ ಓಗ್ತವ್ರೆ. ನನ್ ದೆಸೆಯಿಂದ ಯಾಕ್ ಕೆಡ್ಬೇಕು" ಅನ್ನೋಳು. ಯಾರೋ ಬಲವಂತ ಮಾಡ್ತಿದ್ದರು ಅಂತಲ್ಲ. ಅವಳು ನಂಬಿದ್ದಳು. ನನ್ನ ಸಿಟ್ಟು ನಿಜವಾಗಿ ಅದರ ಮೇಲೇ.

ಆ ವರ್ಷ ದೀಪಾವಳಿಗೆ ನಾನು ತವರಿಗೆ ಹೋಗಲಿಲ್ಲ. ನಮ್ಮ ಯಜಮಾನರಿಗೆ ಫಸ್ಟ್ ಶಿಫ್ಟು. ಹಬ್ಬದ ದಿನ ತಲೆಗೆ ಎಣ್ಣೆ ಒತ್ತೋರು ಗತಿಯಿಲ್ಲವಲ್ಲ ಅಂತ ಅಳು ಬಂದು, ಎಣ್ಣೆ ಬಟ್ಟಲು ಹಿಡ್ಕೊಂಡು ಈಶ್ವರಮ್ಮನ ಕೋಣೆಗೆ ಹೋದೆ. ಅವಳು ಹೌಹಾರಿದಳು. "ಅಬ್ಬದ್ ದಿನ ನನ್ ಕೈಲಾ? ಬ್ಯಾಡ ಕಣಮ್ಮ, ಮುತ್ತೈದೆ ನೀನು." ನಾನು ಬಿಡಬೇಕಲ್ಲ! ಅವಳ ಮುಂದೆ ಕೂತೇಬಿಟ್ಟೆ. ಎಷ್ಟು ಚೆನ್ನಾಗಿ ಒತ್ತಿದಳು ಅಂದರೆ ನಾನು ಕೂತಲ್ಲೇ ತೂಕಡಿಸಿದೆ.

ಆಮೇಲೆ ಬಟ್ಟಲಲ್ಲಿ ಎಣ್ಣೆ ಉಳಿದಿತ್ತು. "ಈಗ ನೀನು ಕೂತ್ಕೋ" ಅಂದೆ. ಏನೇನೋ ನೆವ ಹೇಳಿದಳು. ಕೊನೆಗೆ ರವಿಕೆ ಬಿಚ್ಚಿ ಸೆರಗು ಸುತ್ತಿಕೊಂಡು ನನಗೆ ಬೆನ್ನು ಮಾಡಿ ಕೂತಳು. ನಾನು ಕೈಯಿಟ್ಟ ತಕ್ಷಣ ಅವಳ ಬೆನ್ನು ಒಂದ್ಸಲ ನಡುಗ್ತು. ಚಳಿಯಾ ಅಂತ ಕೇಳಿದೆ. "ಇಲ್ಲಮ್ಮ. ನನ್ ಮೈನ ಯಾರೂ ಮುಟ್ಟಿರ್ನಿಲ್ಲ. ಅವ್ರು ಓದ್ಮ್ಯಾಕೆ ಯಾರೂ ಮುಟ್ಟಿಲ್ಲ" ಅಂದಳು. ಒಂದು ಕಂಕುಳ ಮಗು ಇಲ್ಲ, ಜ್ವರ ಬಂದರೆ ಹಣೆ ಮುಟ್ಟಿ ನೋಡೋರಿಲ್ಲ. ಅಷ್ಟು ವರ್ಷ! ನಾನು ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು ಹಚ್ಚುತ್ತಾ ಹೋದೆ. ಪಕ್ಕೆಗೆ ಬಂದಾಗ, ಎಡಗಡೆ ಎದೆಯ ಅಂಚಿನಲ್ಲಿ, ಕೈಗೆ ಅಡಿಕೆಯಷ್ಟು ಗಟ್ಟಿ ಗಂಟು ಸಿಕ್ತು.

"ಏನಿದು?"

"ಏನೋ ಒಂದು. ಯಾವಾಗ್ನಿಂದ್ಲೋ ಅದೆ. ನೋವಿಲ್ಲ, ಬುಡು."

ನೋವಿಲ್ಲದ ಗಂಟು ಅಂದರೆ ಏನು ಅಂತ ನನಗೆ ಗೊತ್ತಿತ್ತು. ಚಿಂತಾಮಣಿಯಲ್ಲಿ ನಮ್ಮ ಸೋದರತ್ತೆ ಹೀಗೇ ನೋವಿಲ್ಲ ನೋವಿಲ್ಲ ಅಂತ ಮುಚ್ಚಿಟ್ಟುಕೊಂಡು ಹೋದವರು. ಆವತ್ತೇ ಶುರು ಮಾಡಿದೆ, ಸಿಟಿ ಆಸ್ಪತ್ರೆಗೆ ಹೋಗೋಣ ಬಾ ಅಂತ. ಅವಳು ಬಿಲ್‌ಕುಲ್ ಒಪ್ಪಲಿಲ್ಲ. ಹುಟ್ಟಿದಮೇಲೆ ಸಿಟಿ ಬಸ್ಸು ಹತ್ತಿದವಳಲ್ಲ. ಹೋಗಬೇಕಾದರೆ ಬಾವನಿಗೆ ಹೇಳಬೇಕು. ಬಾವ ದೊಡ್ಡಮುನಿಯಪ್ಪನವರ ಎದುರಿಗೆ ಅವಳು ಯಾವತ್ತೂ ಮುಖ ಕೊಟ್ಟು ನಿಂತವಳಲ್ಲ. ಅಂಥ ಬಾವನ ಹತ್ತಿರ ಎದೆಯಲ್ಲಿ ಗಂಟಿದೆ ಅಂತ ಹೇಳೋದೇ? "ಅದ್ರ ಬದ್ಲು ಸಾಯೋದೇ ವಾಸಿ" ಅಂದಳು.

ಸಂಕ್ರಾಂತಿ ಆದಮೇಲೆ ಆ ಬಿಳೀ ವ್ಯಾನು ಬಂತು. ಸಿಟಿಯ ಒಂದು ಆಸ್ಪತ್ರೆಯವರದು. ಹೆಂಗಸರ ಎದೆ ಪರೀಕ್ಷೆ ಮಾಡೋಕೆ ಅಂತಲೇ ಕಾರ್ಖಾನೆಗಳ ಕಡೆ, ಹಳ್ಳಿಗಳ ಕಡೆ ಸುತ್ತುತ್ತಿತ್ತು. ಮೂರು ತಿಂಗಳಿಗೊಂದ್ಸಲ ನಮ್ಮ ಓಣಿಯ ಬಾಯಲ್ಲಿ, ಫ್ಯಾಕ್ಟರಿ ಬಸ್ಸಿನ ಪಕ್ಕದಲ್ಲೇ ನಿಲ್ಲೋದು. ಊರಿನ ಹೆಂಗಸರು ಅದನ್ನ ನೋಡಿ ದಿಕ್ಕಾಪಾಲಾದರು. ಎಮರ್ಜೆನ್ಸಿಯಲ್ಲಿ ಇಂಥದ್ದೇ ಬಿಳೀ ಗಾಡಿ ಬಂದು ಗಂಡಸರನ್ನ ಹಿಡ್ಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ಕಳಿಸಿತ್ತಂತೆ. ಮೈಕಿನಲ್ಲಿ ಡ್ರೈವರು ನಾಚ್ಕೊಂಡು "ತಾಯಂದಿರ ತಪಾಸಣೆ, ತಾಯಂದಿರ ತಪಾಸಣೆ" ಅಂತ ಮುಲುಗ್ತಿದ್ದ. ಆಗ ಒಳಗಿಂದ ಡಾಕ್ಟರ್ ಸೀತಾ ಅಂತ, ನನ್ನ ವಯಸ್ಸಿನ ಹುಡುಗಿ, ಇಳಿದು ಬಂದು ಮೈಕು ಕಿತ್ತುಕೊಂಡು, "ಎದೆಯಲ್ಲಿ ಗಂಟಿದ್ದರೆ ಬಂದು ತೋರಿಸಿ. ನೋವಿಲ್ಲದಿದ್ದರೂ ತೋರಿಸಿ. ನಾನೇ ನೋಡ್ತೀನಿ, ಒಳಗೆ ಗಂಡಸರು ಯಾರೂ ಇಲ್ಲ" ಅಂದಳು. ಬಸ್ಸಿಗೆ ಕಾಯ್ತಿದ್ದ ಗಂಡಸರೆಲ್ಲ ತಲೆ ತಗ್ಗಿಸಿ ಚಪ್ಪಲಿ ನೋಡ್ಕೊಂಡರು. ನನಗೆ ಆ ಹುಡುಗಿ ಮೇಲೆ ಅಲ್ಲೇ ಪ್ರೀತಿ ಬಂದುಬಿಡ್ತು.

ಆದರೆ ಗಾಡಿ ಬರೋ ಹೊತ್ತು ಯಾವುದು ಹೇಳಿ? ಮಧ್ಯಾಹ್ನ ಸೆಕೆಂಡ್ ಶಿಫ್ಟಿನ ಹೊತ್ತು. ಫಸ್ಟ್ ಶಿಫ್ಟು ಮುಗಿಸಿ ಬಸ್ಸಿಂದ ಇಳಿಯೋ ಕಾರ್ಖಾನೆ ಹೆಂಗಸರು ಮನೆಗೆ ಓಡೋ ಮುಂಚೆ ಸಿಗಲಿ ಅಂತ ಆಸ್ಪತ್ರೆಯವರು ಬುದ್ಧಿ ಓಡಿಸಿ ಇಟ್ಟ ಹೊತ್ತು. ಆ ಹೆಂಗಸರಿಗೆ ಅದು ಸರಿಯಾಗೇ ಇತ್ತು, ಅವರೇ ಸಾಲಾಗಿ ನಿಂತರು. ಆಮೇಲೆ ಇನ್ನೊಂದು ಬಸ್ಸು ಬಂದು ಸೆಕೆಂಡ್ ಶಿಫ್ಟಿನ ಗಂಡಸರನ್ನ ತುಂಬ್ಕೊಂಡು ಹೋದಮೇಲೆ ವ್ಯಾನು ದಾಸರಹಳ್ಳಿ ಕಡೆ ಹೊರಟುಬಿಡೋದು. ಅಂದರೆ ಗಾಡಿ ಇರೋ ಅಷ್ಟು ಹೊತ್ತೂ ಹೊರಟು ನಿಂತ ಗಂಡಸರು ಅಲ್ಲೇ ಇರೋರು. ಮೊದಲ ಸಲ ಗಾಡಿ ಬಂದಾಗ ಈಶ್ವರಮ್ಮ ಸೀರೆ ಬದಲಾಯಿಸಿ, ತಲೆ ಬಾಚಿ, ಹೊಸಿಲವರೆಗೂ ಬಂದಳು. ಓಣಿ ತುಂಬ ಟಿಫನ್ ಕ್ಯಾರಿಯರ್ ಹಿಡಿದ ಗಂಡಸರನ್ನ ನೋಡಿ ಹಾಗೇ ಹಿಂದೆ ಸರಿದಳು. "ಮುಂದಿನ್ ಸಲ ನೋಡುವ" ಅಂದಳು. ನಾನು ಬೈದೆ, ಅತ್ತೆ, ಕೈ ಹಿಡಿದು ಎಳೆದೆ. ಎಮ್ಮೆ ಸಾಕಿದ ಕೈ ಅದು, ನನ್ನ ಕೈಲಿ ಅಲ್ಲಾಡಿಸೋಕೂ ಆಗಲಿಲ್ಲ.

ಎರಡನೇ ಸಲ ಬೇಸಿಗೆಯಲ್ಲಿ ಗಾಡಿ ಬಂದ ದಿನ ನಮ್ಮ ಯಜಮಾನರಿಗೆ ಚಾರ್ಜ್‌ಮನ್ ಪ್ರಮೋಷನ್ನಿನ ಇಂಟರ್‌ವ್ಯೂ ಇತ್ತು. ಅದೇ ಮಧ್ಯಾಹ್ನದ ಬಸ್ಸಿಗೆ ಅವರೂ ಹೊರಟಿದ್ದರು. ನಾನು ಮೊದಲೇ ಓಡಿಹೋಗಿ ಡಾಕ್ಟರ್ ಸೀತಾಗೆ ಎಲ್ಲ ಹೇಳಿದೆ. ನೀವೇ ಮನೆಗೆ ಬಂದು ನೋಡಿ ಅಂತ ಕೇಳಿಕೊಂಡೆ. ಸಾಲಿನಲ್ಲಿ ನಿಂತ ಹೆಂಗಸರನ್ನ ತೋರಿಸಿ, "ಇವರನ್ನ ಬಿಟ್ಟು ಹೇಗ್ರೀ ಬರ್ಲಿ? ಇವರೂ ಮನೆಗೆ ಹೋಗಿ ಮಕ್ಕಳಿಗೆ ಅನ್ನ ಹಾಕ್ಬೇಕು. ನೀವು ಕರ್ಕೊಂಡು ಬನ್ನಿ. ಬಸ್ಸು ಹೋದಮೇಲೂ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸ್ತೀನಿ" ಅಂದಳು. ಹೇಳಿದ ಹಾಗೇ ನಿಲ್ಲಿಸಿದಳು. ಆದರೆ ಅವತ್ತು ಗಂಡಸರ ಬಸ್ಸೇ ಬರಲಿಲ್ಲ. ಎಲ್ಲೋ ಕೆಟ್ಟು ನಿಂತಿತ್ತಂತೆ. ಗಂಡಸರು ಕಾಯ್ತಾ ನಿಂತರು, ಅವರ ನಡುವೆ ಇಸ್ತ್ರಿ ಷರಟು ಹಾಕ್ಕೊಂಡು ನಮ್ಮ ಯಜಮಾನರು.

ಈಶ್ವರಮ್ಮನ ಬಾಗಿಲು ಬಡಿದೆ. ಒಳಗಿಂದ ಚಿಲಕ. "ಡಾಕ್ಟ್ರು ನಿನಗೋಸ್ಕರ ಗಾಡಿ ನಿಲ್ಲಿಸ್ಕೊಂಡು ಕೂತಿದಾರೆ ಕಣೇ, ಬಾ ಈಚೆಗೆ!"

"ನಿನ್ ಗಂಡ ಓದ್ರಾ?"

"ಅವರ ಇಂಟರ್‌ವ್ಯೂ ಮನೆ ಹಾಳಾಗ್ಲಿ!"

"ಬುಡ್ತು ಅನ್ನಮ್ಮ, ಬಾಯ್ ತೊಳ್ಕೊ. ಅವ್ರು ಬಸ್ ಅತ್ಲಿ, ಆಮ್ಯಾಕ್ ಬತ್ತೀನಿ."

ಬಸ್ಸು ಬಂದು ಅವರು ಹತ್ತೋಷ್ಟರಲ್ಲಿ ವ್ಯಾನಿನ ಡ್ರೈವರು ಹಾರ್ನ್ ಹಾಕಿ ಹಾಕಿ ಸಾಕಾಗಿ, ಸೀತಾ ನನ್ನ ಕಡೆ ನೋಡಿ ಕೈಯಾಡಿಸಿ, ಗಾಡಿ ಹೊರಟುಹೋಗಿತ್ತು. ನಾನು ಈಶ್ವರಮ್ಮನ ಜೊತೆ ಮಾತು ಬಿಟ್ಟೆ. ಹಾಲು ಮಾತ್ರ ತಗೋತಿದ್ದೆ, ಚೊಂಬಿನಿಂದ.

ಇಂಟರ್‌ವ್ಯೂ ಫಲಿತಾಂಶ ಬಂತು. ಕೆಲಸ ಇನ್ಯಾರಿಗೋ ಆಯ್ತು. ನಮ್ಮ ಯಜಮಾನರು ಎರಡು ದಿನ ಮುಖ ಗಂಟು ಹಾಕ್ಕೊಂಡು ಓಡಾಡಿದರು. ನನಗೆ ಅದರ ದುಃಖಕ್ಕಿಂತ ಈಶ್ವರಮ್ಮನ ಮೇಲಿನ ಸಿಟ್ಟೇ ಜಾಸ್ತಿಯಾಯ್ತು. ನೇರ ಕೊಟ್ಟಿಗೆಗೆ ಹೋಗಿ, ಸಗಣಿ ಬಾಚ್ತಿದ್ದವಳ ಮುಂದೆ ನಿಂತು, "ಒಳಗೆ ಚಿಲಕ ಹಾಕ್ಕೊಂಡು ಕೂತಿದ್ದೆಯಲ್ಲ, ಮಹಾತಾಯಿ! ಏನಾಯ್ತು? ಕೆಲಸ ಬೇರೆಯವನಿಗೆ ಹೋಯ್ತು" ಅಂದೆ.

ಅವಳು ಮಂಕರಿ ಕೆಳಗಿಟ್ಟಳು. "ನಾನ್ ಆಚೆಗ್ ಬರ್ನಿಲ್ವಲ್ಲಮ್ಮ" ಅಂದಳು.

"ಬರಲಿಲ್ಲ. ಬರದಿದ್ದರೂ ಆಗಲಿಲ್ಲ."

"ಅವ್ರು ನನ್ ಮಕ ನೋಡ್ನೇ ಇಲ್ಲ."

"ನೋಡಲಿಲ್ಲ ಕಣೇ!"

ಅವಳು ಸಗಣಿ ಕೈ ಒರೆಸಿಕೊಂಡಳು. ಎಮ್ಮೆ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ನಾನು ವಾಪಸ್ ಬಂದೆ. ಮಾರನೇ ದಿನ ಅವಳೇ ನಮ್ಮ ಮನೆ ಬಾಗಿಲಿಗೆ ಬಂದಳು. ಹಾಗೆ ಬರೋಳೇ ಅಲ್ಲ. ಕಣ್ಣು ಕೆಂಪಗಾಗಿತ್ತು. "ಲಕ್ಸ್ಮಮ್ಮ, ರಾತ್ರಿಯೆಲ್ಲ ಲೆಕ್ಕ ಆಕ್ದೆ. ಬಾವನ್ ಜಮೀನ್ ಓಯ್ತಲ್ಲ, ಅವತ್ತು ನಾನ್ ಒಳ್ಗಿದ್ದೆ. ಬಾವನ್ ಮಗ ಆಂಜಿನಪ್ಪ ಪರೀಕ್ಸೆ ಫೇಲಾದ, ಆಗ್ಲೂ ಒಳ್ಗಿದ್ದೆ. ಅವ್ರು ಬಾವಿಗ್ ಇಳ್ದಾಗ ನಾನಿನ್ನೂ ಮುತ್ತೈದೆ, ನಾನೇ ನೀರ್ ಕೊಟ್ಟು ಕಳ್ಸಿದ್ದು. ಅಂಗಾದ್ರೆ ಇಷ್ಟ್ ದಿನ ನಾನ್ ಯಾಕಮ್ಮ ಒಳಗ್ ಕೂತಿದ್ದೆ?" ಅಂದಳು.

ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ಕೂರಿಸಿದೆ. ಒಲೆ ಹಚ್ಚಿ ಕಾಫಿಗೆ ನೀರಿಟ್ಟೆ.

ಮಳೆಗಾಲದಲ್ಲಿ ಮೂರನೇ ಸಲ ಗಾಡಿ ಬಂತು. ಈ ಸಲ ನಾನು ಕರೆಯೋಕೇ ಹೋಗಬೇಕಾಗಲಿಲ್ಲ. ಮಧ್ಯಾಹ್ನ ಓಣಿ ತುಂಬ ಗಂಡಸರು ಹೊರಟಿದ್ದಾರೆ, ಈಶ್ವರಮ್ಮನ ಬಾಗಿಲು ಹಾರು ಹೊಡೀತು. ಒಗೆದ ಸೀರೆ ಉಟ್ಟು, ತಲೆ ಮೇಲೆ ಸೆರಗೂ ಇಲ್ಲದೆ, ಓಣಿಯ ಮಧ್ಯದಲ್ಲಿ ನಡ್ಕೊಂಡು ಬಂದಳು. ಪಕ್ಕಕ್ಕೆ ಸರಿಯಲಿಲ್ಲ. ನಾನು ಓಡಿ ಹೋಗಿ ಜೊತೆ ಸೇರಿಕೊಂಡೆ. "ಥತ್, ಎದುರ್ಗೇ ಬಂದ್ಬುಟ್ಲಲ್ಲೋ" ಅಂತ ಯಾರೋ ಅಂದ. ಒಬ್ಬ ತಿರುಗಿ ಮನೆಗೆ ಹೋದ. ಅವನ ಹಿಂದೆ ಇನ್ನೊಬ್ಬ. ಬಸ್ಸು ಹತ್ತಿ ಕೂತಿದ್ದವರೂ ಇಳಿದು ವಾಪಸ್ ಹೊರಟರು. ಮೀಸೆ ಹೊತ್ತ ದೊಡ್ಡ ದೊಡ್ಡ ಗಂಡಸರು, ಲೇತು ಮಿಲ್ಲಿಂಗು ಎಲ್ಲ ನಡೆಸೋರು, ಸಾಲಾಗಿ ನೀರು ಕುಡಿಯೋಕೆ ಮನೆ ಸೇರಿದರು. ದೊಡ್ಡಮುನಿಯಪ್ಪನವರ ಮಗ ಆಂಜಿನಪ್ಪ ಎದುರಿಗೆ ನಿಂತು, "ಚಿಕ್ಕಮ್ಮ, ಒಳಕ್ ಓಗು. ಪಂಚಿಂಗ್ ಲೇಟಾಯ್ತದೆ" ಅಂತ ಹಲ್ಲು ಕಚ್ಚಿ ಹೇಳಿದ.

"ಓಗಿ ನೀರ್ ಕುಡ್ಕಂಡ್ ಬಾ ಮಗ" ಅಂದಳು ಈಶ್ವರಮ್ಮ, ಸಮಾಧಾನವಾಗಿ.

ನಮ್ಮ ಯಜಮಾನರು ಅಲ್ಲೇ ಇದ್ದರು. ಅವರ ಕಾಲೂ ಹಿಂದಕ್ಕೆ ಎದ್ದಿತ್ತು. ನನ್ನ ಮುಖ ನೋಡಿ ಎತ್ತಿದ ಕಾಲನ್ನ ಅಲ್ಲೇ ಇಟ್ಟರು. ಬಸ್ಸು ಹಾರ್ನ್ ಹಾಕ್ಕೊಂಡು ಹಾಕ್ಕೊಂಡು ಕೊನೆಗೆ ಮುಕ್ಕಾಲು ಖಾಲಿಯೇ ಹೋಯ್ತು.

ವ್ಯಾನಿನೊಳಗೆ ಪರದೆ, ಒಂದು ಎತ್ತರದ ಮಂಚ. ಅವಳು ನನ್ನ ಕೈ ಬಿಡಲಿಲ್ಲ, ಹಾಗಾಗಿ ನಾನೂ ಒಳಗೇ ಇದ್ದೆ. ಮಳೆಗೆ ಕೈ ತಣ್ಣಗಾಗಿದೆ ಅಂತ ಸೀತಾ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಪರೀಕ್ಷೆ ಮಾಡೋಕೆ ಶುರು ಮಾಡಿದಳು. ನಿಧಾನಕ್ಕೆ, ಸುತ್ತಲೂ, ಬೆರಳು ಒತ್ತಿ ಒತ್ತಿ. ಈಶ್ವರಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣಿನ ತುದಿಯಿಂದ ನೀರು ಇಳೀತಿತ್ತು.

"ನೋಯ್ತಾ ಅಮ್ಮ?"

"ಇಲ್ಲ ಕಣವ್ವ. ನಿಮ್ ಕೈ ಬೆಚ್ಗದೆ" ಅಂದಳು.

ಸೀತಾಳ ಕೈ ಕಂಕುಳಿಗೆ ಹೋದಾಗ ಆ ಡಾಕ್ಟರ್ ಹುಡುಗಿಯ ಮುಖ ಬಿಗಿದುಕೊಂಡಿತು. ಅಲ್ಲೂ ಗಂಟುಗಳಿದ್ದವು. ಎದೆಯ ಚರ್ಮ ಒಂದು ಕಡೆ ಒಳಕ್ಕೆ ಎಳೆದುಕೊಂಡಿತ್ತು, ದೀಪಾವಳಿಯಲ್ಲಿ ನಾನು ನೋಡಿದಾಗ ಹಾಗಿರಲಿಲ್ಲ. ಸೀತಾ ನನ್ನನ್ನ ಹೊರಗೆ ಕರೆದು, "ಇವತ್ತೇ ಗಾಡೀಲಿ ಕರ್ಕೊಂಡು ಹೋಗ್ತೀನಿ. ಆಪರೇಷನ್ ಆಗ್ಬೇಕು" ಅಂದಳು. ಗುಣ ಆಗುತ್ತಾ ಅಂತ ಕೇಳಿದೆ. "ಜನವರೀಲಿ ಬಂದಿದ್ದರೆ..." ಅಂತ ಶುರು ಮಾಡಿ, "ನೋಡೋಣ" ಅಂತ ನಿಲ್ಲಿಸಿದಳು. ಈಶ್ವರಮ್ಮ ಕೇಳಿದ್ದು ಒಂದೇ, ಎಮ್ಮೆ ಯಾರು ಕರೀತಾರೆ ಅಂತ. ನಾನು ಕರೀತೀನಿ ಅಂದೆ. ನನಗೆ ಎಮ್ಮೆ ಹತ್ತಿರ ಹೋಗೋಕೇ ಭಯ, ಆದರೂ ಕರೆದೆ. ಆಂಜಿನಪ್ಪನಿಗೆ ಅರ್ಧ ದಿನದ ರಜ ಹೋಯ್ತು ಅಂತ ದೊಡ್ಡಮುನಿಯಪ್ಪನವರ ಮನೆಯಿಂದ ಆಸ್ಪತ್ರೆಗೆ ಒಬ್ಬರೂ ಬರಲಿಲ್ಲ. ಒಪ್ಪಿಗೆ ಸಹಿ ನಮ್ಮ ಯಜಮಾನರೇ ಹಾಕಿದರು. ಏನು ಸಂಬಂಧ ಅಂತ ಅಲ್ಲಿ ಕೇಳಿದ್ದಕ್ಕೆ, ತಮ್ಮ ಅಂದರಂತೆ. ಅವತ್ತು ನನಗೆ ಅವರ ಮೇಲೆ ತುಂಬ ಗೌರವ ಬಂತು, ಅವರಿಗೆ ಹೇಳಲಿಲ್ಲ ಅಷ್ಟೆ.

ಆಸ್ಪತ್ರೆಯಲ್ಲಿ ಅವಳು ಇದ್ದದ್ದು ಎರಡು ತಿಂಗಳ ಮೇಲೆ. ಒಂದು ಎದೆ ಪೂರ್ತಿ ತೆಗೆದಿದ್ದರು, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡ್ತಿದ್ದರು. ನಾನು ಅಳ್ತಾ ನೋಡೋಕೆ ಹೋದರೆ ಆ ಮಹಾರಾಯ್ತಿ ನಗ್ತಾ ಕೂತಿದ್ದಳು! ಅಷ್ಟು ನಕ್ಕಿದ್ದನ್ನ ನಾನು ಮೊದಲು ನೋಡೇ ಇರಲಿಲ್ಲ. "ಲಕ್ಸ್ಮಮ್ಮ, ಇಲ್ಲಿ ಬೆಳಿಗ್ಗೆ ನಾನೇ ಎಲ್ಲರ್ಗೂ ಮೊದ್ಲು ಏಳೋದು. ಆಯಾ ನಂಗೇ ಒಪ್ಸವ್ಳೆ, ಎಲ್ಲಾರ್ನೂ ಎಬ್ಸು ಅಂತ. ಆಪ್ರೇಸನ್‌ಗೆ ಓಗೋರು ನನ್ ಕೈ ಇಡ್ಕಂಡು ಓಗ್ತಾರೆ. ಯಾರೂ ಒಳಕ್ ಓಗು ಅನ್ನಲ್ಲ ಕಣಮ್ಮ" ಅಂದಳು. ಪಕ್ಕದ ಮಂಚದ ಹೆಂಗಸು, "ಈ ಅಕ್ಕನ ಮುಖ ನೋಡಿದ್ರೆ ಧೈರ್ಯ ಬರುತ್ತೆ" ಅಂತ ನನಗೆ ಹೇಳಿದಳು. ನಾನು ಈಶ್ವರಮ್ಮನ ಮುಖ ನೋಡಿದೆ. ಅವಳು ನಾಚಿಕೊಂಡಿದ್ದಳು.

ವಾಪಸ್ ಬಂದಮೇಲೆ ಕೆಲವು ದಿನ ಬಾಗಿಲು ತೆರೆದೇ ಇರೋದು. ಶಿಫ್ಟಿನ ಹೊತ್ತಿಗೂ ಕಟ್ಟೆ ಮೇಲೆ ಕೂತಿರೋಳು. ವಠಾರದವರು ದೊಡ್ಡಮುನಿಯಪ್ಪನವರಿಗೆ ದೂರು ಕೊಟ್ಟರು. ಒಂದು ಸಂಜೆ ಅವರು ಕೊಟ್ಟಿಗೆ ಮುಂದೆ ಬಂದು ನಿಂತರು. ತಮ್ಮನ ಹೆಂಡತಿ ಜೊತೆ ನೇರ ಮಾತಾಡೋ ಹಾಗಿಲ್ಲವಲ್ಲ, ಎಮ್ಮೆಗೆ ಹೇಳಿದರು. "ಬಾಡಿಗೆಯೋರೆಲ್ಲ ಬುಟ್ ಓಗ್ತೀವಿ ಅಂತವ್ರೆ. ನಾಲ್ಕ್ ಜನಕ್ಕೆ ತೊಂದ್ರೆ ಆಗೋ ಅಂಗೆ ಯಾಕಿರ್ಬೇಕು" ಅಂತ ಎಮ್ಮೆಗೆ ಬುದ್ಧಿ ಹೇಳಿ ಹೋದರು. ಎಮ್ಮೆ ಮೆಲುಕು ಹಾಕ್ತಾ ನಿಂತಿತ್ತು. ಮಾರನೇ ದಿನದಿಂದ ಈಶ್ವರಮ್ಮ ಮತ್ತೆ ಬಾಗಿಲು ಹಾಕ್ಕೊಂಡಳು. "ನೀನು ಅವತ್ತು ಹೇಳಿದ್ದೇನು, ಈಗ ಮಾಡ್ತಿರೋದೇನು?" ಅಂತ ನಾನು ರೇಗಿದರೆ, "ಗೊತ್ತಮ್ಮ ನಂಗೆ, ಅದೆಲ್ಲ ಸುಳ್ಳು ಅಂತ ಗೊತ್ತು. ಆದ್ರೂ ಒಬ್ಳೇ ಎಷ್ಟ್ ದಿನ ಕೂತ್ಕಳ್ಲಿ ಆಚೆ" ಅಂದಳು. ಮೊದಲು ನಂಬಿ ಒಳಗಿದ್ದಳು, ಈಗ ನಂಬದೆ ಒಳಗಿದ್ದಳು. ಯಾವುದು ಹೆಚ್ಚು ಕಷ್ಟ ಅಂತ ನಾನು ಹೇಳಲಾರೆ.

ಮುಂದಿನ ವರ್ಷ ಆ ಕಾಯಿಲೆ ಬೆನ್ನುಮೂಳೆಗೆ ಬಂತು. ಸೀತಾ ಗಾಡಿ ಬಂದಾಗೆಲ್ಲ, ಸಾಲು ಮುಗಿದಮೇಲೆ ಓಣಿಯ ತುದಿಯವರೆಗೂ ನಡೆದು ಬಂದು ನೋಡಿ ಹೋಗ್ತಿದ್ದಳು. ಆ ಹೊತ್ತಿಗೆ ಸಾಲಿನಲ್ಲಿ ನಮ್ಮ ವಠಾರದ ಹೆಂಗಸರೂ ನಿಲ್ತಿದ್ದರು, ನಾನು ಒಬ್ಬೊಬ್ಬರನ್ನೂ ಬೈದು ಕಳಿಸ್ತಿದ್ದೆ. ಆಷಾಢದ ಒಂದು ಬೆಳಗ್ಗೆ ಚೊಂಬು ಹೊಸಿಲ ಹೊರಗಿರಲಿಲ್ಲ. ಚಿಲಕ ಹಾಕಿರಲಿಲ್ಲ, ಪುಣ್ಯ. ನಾನೇ ಬಾಗಿಲು ತಳ್ಳಿ ನೋಡಿದೆ. ಗೋಡೆ ಕಡೆ ತಿರುಗಿ ಮಲಗಿದ್ದಳು. ಹಣೆ ಮುಟ್ಟಿದೆ, ತಣ್ಣಗಿತ್ತು.

ಹೆಸರಘಟ್ಟದ ಕಡೆಯವರು ಬರಲಿ ಅಂತ ಕಾದು, ಹೆಣ ಎತ್ತೋವಾಗ ಮಧ್ಯಾಹ್ನ ಎರಡರ ಹತ್ತಿರ ಆಗಿತ್ತು. ಆಂಜಿನಪ್ಪ ಮುಂದೆ ಹೆಗಲು ಕೊಟ್ಟಿದ್ದ. ತಮಟೆಯವರು ಮುಂದೆ, ಹಿಂದೆ ಚಟ್ಟ, ಓಣಿಯ ಮಧ್ಯದಲ್ಲೇ ಬಂತು. ಸೆಕೆಂಡ್ ಶಿಫ್ಟಿನ ಗಂಡಸರು ಟಿಫನ್ ಕ್ಯಾರಿಯರ್ ಹಿಡಿದು ನಿಂತಿದ್ದರು. ಯಾರೂ ಮುಖ ತಿರುಗಿಸಲಿಲ್ಲ. ಚಪ್ಪಲಿ ಕಳಚಿದರು, ಟಿಫನ್ ಕ್ಯಾರಿಯರ್ ನೆಲಕ್ಕಿಟ್ಟು ಕೈಮುಗಿದರು. ಮುಂದೆ ನುಗ್ಗಿ ನುಗ್ಗಿ ಅವಳ ಮುಖ ನೋಡಿದರು. ಪರವಾಗಿಲ್ಲ, ಮನುಷ್ಯರೇ ಇವರೂ, ಕೊನೆಗಾದರೂ ಪಶ್ಚಾತ್ತಾಪ ಆಯ್ತಲ್ಲ ಅಂದುಕೊಂಡೆ.

ಆಗ ನನ್ನ ಪಕ್ಕದಲ್ಲಿ ನಿಂತಿದ್ದ ರಾಮಾಂಜಿನಪ್ಪ, ನಮ್ಮ ಎದುರು ಮನೆಯವನು, ಮುಗಿದ ಕೈ ಕಣ್ಣಿಗೊತ್ತಿಕೊಂಡು, "ಕೈ ಮುಗ್ಕಳಿ ಅಕ್ಕ. ಕೆಲ್ಸಕ್ ಒಂಟಾಗ ಎಣ ಎದುರಿಗ್ ಬಂದ್ರೆ ಬಲೇ ಒಳ್ಳೇ ಸಕುನ. ಇವತ್ ಓದ್ ಕೆಲ್ಸ ಆಗೇ ಆಯ್ತದೆ" ಅಂದ.

"ನಾಚಿಕೆ ಆಗಲ್ವೇನೋ ನಿನಗೆ!" ಅಂತ ಕಿರುಚಿದೆ. ಎಷ್ಟು ಜೋರಾಗಿ ಅಂದರೆ ತಮಟೆಯವರು ತಿರುಗಿ ನೋಡಿದರು. ಬದುಕಿದ್ದಾಗ ಅವಳ ಮುಖ ಕಂಡರೆ ಬಸ್ಸು ಬಿಟ್ಟು ಮನೆಗೆ ಓಡಿದವನು ಇವನೇ. ಕೈ ಎತ್ತಿ ಹೊಡೆದೇಬಿಡ್ತಿದ್ದೆನೋ ಏನೋ. ರಾಮಾಂಜಿನಪ್ಪ ಕೆಟ್ಟವನಲ್ಲ. ಗಾಬರಿಯಾಗಿ, ಮುಗಿದ ಕೈ ಹಾಗೇ ಇಟ್ಟುಕೊಂಡು, ನನ್ನ ಮುಖ ನೋಡಿದ.

"ಯಾಕಕ್ಕಾ?" ಅಂದ. "ಅವ್ಳ್ ಬಗ್ಗೆ ಒಳ್ಳೇದೇ ಅಲ್ವಾ ನಾನ್ ಏಳಿದ್ದು?"